ದೊಡ್ಡಮ್ಮ ಅಟ್ಟ ಇಳಿಸಿದ್ದು

ನಮ್ಮ ದೊಡ್ಡಮ್ಮ ಮನೆ ಖಾಲಿ ಮಾಡಿದ ಸುದ್ದಿ ತೆಗೆದರೆ ಸಾಕು, ನೆಂಟರೆಲ್ಲ ಇವತ್ತಿಗೂ ಮೊದಲು ಕೇಳುವುದು ಬಚ್ಚಲ ಹಂಡೆಯನ್ನು. "ಆ ತಾಮ್ರದ ಹಂಡೆ ಕೊನೆಗೆ ಯಾರಿಗೆ ಹೋಯ್ತು?" ಯಾರಿಗೂ ಹೋಗಲಿಲ್ಲ. ಅದು ಏಕೆ ಹೋಗಲಿಲ್ಲ ಎಂದು ಹೇಳಬೇಕಾದರೆ ಉಳಿದದ್ದೆಲ್ಲ ಎಲ್ಲೆಲ್ಲಿಗೆ ಹೋಯಿತು ಎನ್ನುವುದನ್ನೂ ಹೇಳಬೇಕು.

ಮನೆ ಇದ್ದದ್ದು ಸಾಗರದಿಂದ ತಾಳಗುಪ್ಪದ ಕಡೆಗೆ ಹೋಗುವಾಗ ಒಳಗೆ ಸಿಗುವ ಹಳ್ಳಿಯಲ್ಲಿ. ದೊಡ್ಡಪ್ಪ ಹೋದ ಮೇಲೂ ದೊಡ್ಡಮ್ಮ ಒಬ್ಬರೇ ಅಡಿಕೆ ತೋಟ ನಡೆಸಿದರು. ಕೊನೆ ಕೊಯ್ಯುವವರು ಸಿಗದೆ, ಮಂಗನ ಕಾಟ ತಡೆಯದೆ, ಮಂಡಿ ನೋವು ಜೋರಾದಾಗ ಸೋಲೊಪ್ಪಿಕೊಳ್ಳುವ ಹೆಂಗಸಾಗಿರಲಿಲ್ಲ ಅವರು. ಲೆಕ್ಕ ಹಾಕಿ ನೋಡಿ, ಸಾಕು ಎಂದು ತೀರ್ಮಾನಿಸಿದರು. ತೋಟವನ್ನು ಚೇಣಿಗೆ ಕೊಟ್ಟರು. ಚೇಣಿ ಹಿಡಿದ ಸಂಸಾರ ಅದೇ ಮನೆಯಲ್ಲಿ ಇರುವುದು, ದೊಡ್ಡಮ್ಮ ಶಿವಮೊಗ್ಗದ ಮಗನ ಮನೆಗೆ ಹೋಗುವುದು ಎಂದಾಯಿತು. ಅಡಿಕೆ ಸುಗ್ಗಿ ಮುಗಿದ ಮಾಘದಲ್ಲಿ ನಮಗೆಲ್ಲ ಫೋನು ಬಂತು. "ಬೇಕಾದವರು ಬಂದು ಬೇಕಾದ್ದು ತಗಂಡು ಹೋಗಿ. ಶಿವರಾತ್ರಿ ಕಳೆದಮೇಲೆ ಬಂದು ನನಗೊಂದು ತಂಬಿಗೆನೂ ಇಡ್ಲಿಲ್ಲ ಅಂತ ಅಳ್ಬೇಡಿ."

ಬೆಂಗಳೂರಿನಿಂದ ನಾವು ಮೂವರು ತಾಳಗುಪ್ಪದ ರಾತ್ರಿ ರೈಲು ಹತ್ತಿದೆವು. ಹುಬ್ಬಳ್ಳಿಯಿಂದ ಅಕ್ಕ ಬಂದಳು. ದೊಡ್ಡಮ್ಮನ ಕಿರಿಯ ಮಗ ಅಮೆರಿಕದಲ್ಲಿ. ಅವನು ಫೋನಿನಲ್ಲಿ, ಅವನ ಊರಿನ ನಡುರಾತ್ರಿಯಲ್ಲಿ ಎದ್ದು ಕೂತು, ನಮ್ಮ ಜೊತೆಗೆ ಅಟ್ಟ ನೋಡಿದ.

ದೊಡ್ಡಮ್ಮ ಜಗಲಿಯ ಕಂಬಕ್ಕೆ ಒರಗಿ ಮಣೆಯ ಮೇಲೆ ಕೂತರು. ಗಂಡುಹುಡುಗರು ಏಣಿ ಹತ್ತಿದರು. ಒಂದೊಂದೇ ಸಾಮಾನು ಇಳಿದು ಅಂಗಳಕ್ಕೆ ಬಂದ ಹಾಗೆ ದೊಡ್ಡಮ್ಮ, "ಯಾರಿಗೆ?" ಎನ್ನುವರು. ಯಾರಾದರೂ "ನನಗೆ" ಎಂದರೆ ಕೂಡಲೇ ಇನ್ನೊಂದು ಪ್ರಶ್ನೆ: "ಎಲ್ಲಿ ಇಡ್ತೀಯ?"

ಅಷ್ಟೇ ಕಟ್ಟಳೆ. ಏನು ಬೇಕಾದರೂ ಕೇಳಬಹುದು, ಆದರೆ ನಿಮ್ಮ ಮನೆಯಲ್ಲಿ ಅದು ಕೂರುವ ಜಾಗ ಹೇಳಬೇಕು, ಅಲ್ಲಿ ಕೂತು ಅದು ಮಾಡುವ ಕೆಲಸ ಹೇಳಬೇಕು. "ನೆನಪಿಗೆ ಇಟ್ಕೊಳ್ತೀನಿ ದೊಡ್ಡಮ್ಮ" ಎಂದ ನನ್ನ ತಂಗಿಗೆ, "ನೆನಪು ಇಡೋಕೆ ಜಾಗ ಬೇಡ. ಇದಕ್ಕೆ ಬೇಕು" ಎಂದು ಕಡೆಯುವ ಕಂಬವನ್ನು ಪಕ್ಕಕ್ಕೆ ಇಡಿಸಿದರು. ತಂಗಿಯ ಮುಖ ಸಣ್ಣಗಾಯಿತು. ದೊಡ್ಡಮ್ಮ ಅದನ್ನು ನೋಡಿಯೂ ಮುಂದಿನ ಸಾಮಾನು ಕೇಳಿದರು.

ಅಟ್ಟದಲ್ಲಿ ಏನಿತ್ತು ಎಂದು ಎಲ್ಲ ಹೇಳುತ್ತ ಕೂರುವುದಿಲ್ಲ. ಗೆದ್ದಲು ಹಿಡಿದ ಸುಧಾ, ಮಯೂರ, ಕಸ್ತೂರಿಯ ಕಟ್ಟುಗಳು, ಹಿಡಿ ಹೋದ ಕೊಡೆಗಳು, ಎಣ್ಣೆ ಡಬ್ಬ, ಹಾಲಿಗೆ ಹಾಕುವ ಪುಡಿಯ ಖಾಲಿ ಬಾಟಲಿ, ಒಂದು ಮರ್ಫಿ ರೇಡಿಯೋ, ಅದರ ಜೊತೆಗೆ ಅಂಚೆ ಕಚೇರಿಯಲ್ಲಿ ವರ್ಷವರ್ಷ ದುಡ್ಡು ಕಟ್ಟಿದ ಲೈಸೆನ್ಸ್ ಪುಸ್ತಕ. ಇವಕ್ಕೆಲ್ಲ ಹೆಚ್ಚು ಹೊತ್ತು ಹಿಡಿಯಲಿಲ್ಲ. ಹೊತ್ತು ಹಿಡಿದದ್ದು ಪಾತ್ರೆಗಳಿಗೆ.

ಹಿತ್ತಾಳೆಯ ಕೊಪ್ಪರಿಗೆ, ಕೊಳದಪ್ಪಲೆ, ಕಂಚಿನ ತಟ್ಟೆ, ತಾಮ್ರದ ಕೊಡ, ಚರಿಗೆ, ಒಂದರೊಳಗೊಂದು ಕೂಡಿಸಿಟ್ಟ ಬೋಗುಣಿಗಳು. ಇವೆಲ್ಲ ಅಟ್ಟ ಹತ್ತಿದ್ದಕ್ಕೆ ಸ್ಟೀಲು ಬಂದದ್ದೊಂದೇ ಕಾರಣವಲ್ಲ. ಕಲಾಯಿಯವನು ಬರುವುದು ನಿಂತದ್ದೂ ಕಾರಣ. ನಾನು ಚಿಕ್ಕವಳಿದ್ದಾಗ ಮಳೆಗಾಲ ಕಳೆದ ಮೇಲೆ ಅವನು ಬರುತ್ತಿದ್ದ. ಅಂಗಳದಲ್ಲಿ ಸಣ್ಣ ಗುಂಡಿ ತೋಡಿ, ತಿದಿ ಒತ್ತಿ ಇದ್ದಲು ಕಾಯಿಸಿ, ಪಾತ್ರೆ ಚೆನ್ನಾಗಿ ಕಾದ ಮೇಲೆ ನವಸಾಗರದ ಪುಡಿ ಎರಚುತ್ತಿದ್ದ. ಬಿಳಿ ಹೊಗೆ ಭುಸ್ಸೆಂದು ಏಳುತ್ತಿತ್ತು. ತವರದ ಕಡ್ಡಿ ಮುಟ್ಟಿಸಿ ಅರಳೆಯಲ್ಲಿ ಒಂದು ಸುತ್ತು ಒರೆಸಿದರೆ ಪಾತ್ರೆಯ ಒಳಮೈ ಬೆಳ್ಳಿಯಾಗುತ್ತಿತ್ತು. ಆ ತವರದ ಪದರ ಇಲ್ಲದ ಹಿತ್ತಾಳೆಯಲ್ಲಿ ಹುಳಿ ಕುದಿಸಿದರೆ ಕಿಲುಬು ಬಿಡುತ್ತದೆ, ಉಣ್ಣಲಾಗದು. ಅವನಿಗೆ ವಯಸ್ಸಾಯಿತು, ಮಕ್ಕಳು ಬೇರೆ ಕೆಲಸ ಹಿಡಿದರು. ಪಾತ್ರೆಗಳು ಗಟ್ಟಿಮುಟ್ಟಾಗಿಯೇ ಇದ್ದವು, ಅಡುಗೆಗೆ ಬಾರದೆ ಹೋದವು. ಮನೆಗಳಲ್ಲಿ ಸಾಮಾನು ತುಂಬಿಕೊಳ್ಳುವುದಕ್ಕೆ ಆಸೆಬುರುಕತನವೇ ಕಾರಣ ಎಂದು ಹೇಳುವವರಿಗೆ ನಾನು ಈ ಕಲಾಯಿಯವನ ಮಾತು ಹೇಳುತ್ತೇನೆ. ವಸ್ತುವನ್ನು ಬದುಕಿಸಿಟ್ಟಿದ್ದ ಕಸುಬು ಮೊದಲು ಹೋಗುತ್ತದೆ. ವಸ್ತು ಆಮೇಲೆ ಅಟ್ಟ ಸೇರುತ್ತದೆ.

ದೊಡ್ಡಮ್ಮ ಒಂದು ಚರಿಗೆಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ, "ಓದು" ಎಂದು ನನ್ನ ಕೈಗೆ ಕೊಟ್ಟರು. ಕಂಠದ ಸುತ್ತ ಚುಕ್ಕಿಚುಕ್ಕಿಯಾಗಿ ಕೊರೆದ ಅಕ್ಷರ. ಯಾರು, ಯಾರಿಗೆ, ಯಾವ ಊರು. ಮದುವೆ, ಉಪನಯನಗಳಲ್ಲಿ ಉಡುಗೊರೆ ಕೊಡುವ ಪಾತ್ರೆಗೆ ಅಂಗಡಿಯಲ್ಲೇ ಹೆಸರು ಕೊರೆಸಿ ಕೊಡುವ ಪದ್ಧತಿ ನಿಮಗೆ ಗೊತ್ತೇ ಇದೆ. ಆ ಬೆಳಿಗ್ಗೆ ನಾನು ಒಂದಾದ ಮೇಲೊಂದು ಓದುತ್ತ ಹೋದೆ, ದೊಡ್ಡಮ್ಮ ಹೇಳುತ್ತ ಹೋದರು. ಇವರು ಸಿದ್ದಾಪುರದ ಕಡೆಯವರು, ನಿನ್ನ ಅಪ್ಪನ ಮುಂಜಿಗೆ ನಡೆದು ಬಂದಿದ್ದರು. ಇವರಿಗೆ ಆಗ ಉಣ್ಣಲು ಗತಿಯಿರಲಿಲ್ಲ, ಆದರೂ ಈ ತಂಬಿಗೆ ಕೊಟ್ಟರು. ಇದರ ತೂಕ ನೋಡು. ಇವರ ಮಗಳು ಬಾಣಂತಿಯಾಗಿ ತೀರಿಕೊಂಡಳು. ಇವರ ಮೇಲೆ ನಿನ್ನ ದೊಡ್ಡಪ್ಪನಿಗೆ ಬೇಲಿಯ ವಿಷಯದಲ್ಲಿ ಸಿಟ್ಟಿತ್ತು, ಮದುವೆಗೆ ಕರೆದಿರಲಿಲ್ಲ, ಕರೆಯದೆಯೇ ಬಂದು ಕೊಟ್ಟು ಹೋದರು.

ಎಷ್ಟೋ ಹೆಸರುಗಳಿಗೆ ನಮ್ಮಲ್ಲಿ ಯಾರಿಗೂ ಮುಖ ಗೊತ್ತಿರಲಿಲ್ಲ. ದೊಡ್ಡಮ್ಮ ಹೇಳಿ ಮುಗಿಸಿದ ಮೇಲೆ ಒಂದು ಕೆಲಸ ಹಚ್ಚಿದರು. ಕೊಟ್ಟವರ ಮಕ್ಕಳು ಮೊಮ್ಮಕ್ಕಳು ಹತ್ತಿರದಲ್ಲಿ ಇದ್ದರೆ ಅವರಿಗೆ ಫೋನು ಮಾಡಿ, "ನಿಮ್ಮ ಅಜ್ಜನ ಹೆಸರಿನ ಪಾತ್ರೆ ಇದೆ, ಬೇಕಾ?" ಎಂದು ಕೇಳುವುದು. ಕೆಲವರು ಬೇಡ ಎಂದರು. ಕೆಲವರಿಗೆ ಏನು ಹೇಳಬೇಕೆಂದೇ ತಿಳಿಯಲಿಲ್ಲ. ಒಬ್ಬ ಹುಡುಗ ಮಾತ್ರ ಮಧ್ಯಾಹ್ನದೊಳಗೆ ಬೈಕಿನಲ್ಲಿ ಬಂದ. ಚರಿಗೆ ಹಿಡಿದು ಅಜ್ಜನ ಹೆಸರಿನ ಮೇಲೆ ಬೆರಳಾಡಿಸಿದ. ಅವನ ಮನೆಯಲ್ಲಿ ಅಜ್ಜನ ಫೋಟೋ ಕೂಡ ಇಲ್ಲವಂತೆ. "ದೇವರ ಒಳಗೆ ನೀರಿಡ್ತೀವಿ" ಎಂದ, ದೊಡ್ಡಮ್ಮ ಕೇಳುವ ಮೊದಲೇ. ಅವನಿಗೆ ಊಟ ಹಾಕಿ ಕಳಿಸಿದರು.

ಉಳಿದ ಪಾತ್ರೆಗಳನ್ನು ಸಾಗರದ ವ್ಯಾಪಾರಿಗೆ ತೂಕಕ್ಕೆ ಕೊಟ್ಟದ್ದು. ಅವನು ಬರುವ ಮೊದಲು ಎಲ್ಲವನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕಿಸಿದರು. "ಕರಗಿಸೋಕೆ ಒಯ್ಯೋದಮ್ಮ, ತೊಳೆಯೋದು ಬೇಡ" ಎಂದು ವ್ಯಾಪಾರಿ ಫೋನಿನಲ್ಲೇ ಹೇಳಿದ್ದ. ದೊಡ್ಡಮ್ಮ ಕೇಳಲಿಲ್ಲ. ಅಕ್ಕನೂ ನಾನೂ ಸಂಜೆಯವರೆಗೆ ತಿಕ್ಕಿದೆವು. ಫಳಫಳ ಹೊಳೆಯುವ ಹಿತ್ತಾಳೆ ತಕ್ಕಡಿ ಏರಿತು.

ಸೀರೆಯ ವಿಷಯದಲ್ಲಿ ನನಗೂ ಅವರಿಗೂ ಮಾತಿಗೆ ಮಾತು ಬಂತು. ದೊಡ್ಡಮ್ಮನ ಧಾರೆ ಸೀರೆ ಮಡಿಕೆಗಳ ಉದ್ದಕ್ಕೂ ಬಿಟ್ಟಿತ್ತು. ರೇಷ್ಮೆಯನ್ನು ಒಂದೇ ಮಡಿಕೆಯಲ್ಲಿ ಹತ್ತಾರು ವರ್ಷ ಇಟ್ಟರೆ ಎಳೆ ಅಲ್ಲೇ ಕಡಿಯುತ್ತದೆ. ಹಳೇ ಜರಿಯಲ್ಲಿ ಬೆಳ್ಳಿ ಇರುತ್ತದೆ, ಅಂಚು ಸುಟ್ಟು ಬೆಳ್ಳಿ ತೆಗೆಯುವವರು ಅಂಥ ಸೀರೆ ಕೊಳ್ಳುತ್ತಾರೆ. ದೊಡ್ಡಮ್ಮ ಅದನ್ನು ಅವರಿಗೇ ಕೊಡಲು ತೆಗೆದಿಟ್ಟರು. ಸೆರಗನ್ನಾದರೂ ಕತ್ತರಿಸಿ ಇಟ್ಟುಕೊಳ್ಳುತ್ತೇನೆ ಎಂದೆ. "ಎಲ್ಲಿ ಇಡ್ತೀಯ?" ಚೌಕಟ್ಟು ಹಾಕಿಸಿ ಗೋಡೆಗೆ ಎಂದೆ. "ನಾನು ಉಟ್ಟಿದ್ದನ್ನ ಗೋಡೆಗೆ ಉಡಿಸ್ತೀಯಾ?" ಎಂದು ಕೇಳಿ ಸೀರೆ ಕಟ್ಟಿ ಆಚೆಗಿಟ್ಟರು. ಅಲ್ಲಿ ಅವರು ತೀರಾ ಬಿಗಿಯಾದರು ಎಂದು ನನಗೆ ಆಗ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಆ ಮಾವಿನಕಾಯಿ ಬಣ್ಣದ ಒಡಲು, ಕುಂಕುಮದ ಅಂಚು ಇನ್ನೆಲ್ಲೂ ನಾನು ನೋಡಿಲ್ಲ.

ತೊಟ್ಟಿಲಿಗೆ ಅಮೆರಿಕದಿಂದ ಬೇಡಿಕೆ ಬಂತು. ಅದರಲ್ಲಿ ಮಲಗಿದ ಕೊನೆಯ ಮಗು ಅವನೇ. ಅವನಿಗೆ ಮಾತಿನ ನಡುವೆ ಗಂಟಲು ಕಟ್ಟಿತು. ಎಲ್ಲಿಡುತ್ತೀಯ ಎಂದದ್ದಕ್ಕೆ, ಹಾಲ್‌ನಲ್ಲಿ ಇಟ್ಟು ಗಿಡದ ಕುಂಡ ಜೋಡಿಸುತ್ತೇನೆ ಎಂದ. ದೊಡ್ಡಮ್ಮ ಬಹಳ ಹೊತ್ತು ಫೋನಿನ ಮುಖ ನೋಡಿದರು. "ಅಪ್ಪೀ, ತೊಟ್ಟಿಲಿಗೆ ಮಗು ಬೇಕು ಕಣೋ" ಎಂದರು ಮೆತ್ತಗೆ. ಮನೆಗೆಲಸಕ್ಕೆ ಬರುತ್ತಿದ್ದವಳ ಮಗಳು ಬಸುರಿಯಾಗಿದ್ದಳು. ಮಗು ಹುಟ್ಟುವ ಮೊದಲು ತೊಟ್ಟಿಲು ಮನೆಗೆ ತರಬಾರದು ಎಂದು ಆಕೆ ಒಯ್ಯಲಿಲ್ಲ. ಹೆರಿಗೆಯಾಗಿ ಹೆಸರಿಡುವವರೆಗೆ ಅದು ಜಗಲಿಯ ಮೂಲೆಯಲ್ಲೇ ಕಾಯಿತು.

ಎರಡನೆಯ ದಿನ ಬೆಳಿಗ್ಗೆ ಅಟ್ಟದ ಕತ್ತಲ ತುದಿಯಿಂದ ಭತ್ತ ಅಳೆಯುವ ಮರದ ಕೊಳಗಗಳು ಇಳಿದವು. ಎರಡು. ಎರಡಕ್ಕೂ ಬಾಯಿಗೆ ಕಬ್ಬಿಣದ ಪಟ್ಟಿ. ನೋಡಿದ ಕೂಡಲೇ ನನ್ನ ಚಿಕ್ಕಪ್ಪನ ಮಗ, ಬೆಂಗಳೂರಿನ ಮನೆಯಲ್ಲಿ ಹೂವಿಡಲು ಚೆನ್ನಾಗಿರುತ್ತದೆ, ಬಾಗಿಲ ಎರಡು ಬದಿಗೆ ಎರಡು ಎಂದ. ಜೋಡಿಸಿ ನಿಲ್ಲಿಸಿದ. ಆಗ ಕಂಡಿತು: ಒಂದು ಇನ್ನೊಂದಕ್ಕಿಂತ ದೊಡ್ಡದು. ಹೆಚ್ಚೇನಲ್ಲ, ಎರಡು ಬೆರಳು.

ಸಾಮಾನು ಸಾಗಿಸಲು ಬಂದಿದ್ದ ಕೆಳಕೇರಿಯ ನಾಯ್ಕರು ಮೆಟ್ಟಿಲ ಹತ್ತಿರ ನಿಂತಿದ್ದರು. ದೊಡ್ಡಮ್ಮನ ಓರಗೆಯವರು. ಅವರ ಅಪ್ಪ ನಮ್ಮ ಮನೆಯ ಗದ್ದೆ ಗೇಣಿಗೆ ಮಾಡುತ್ತಿದ್ದವರು. ನಾಯ್ಕರು ಹತ್ತಿರ ಬಂದು ದೊಡ್ಡ ಕೊಳಗವನ್ನು ಎರಡೂ ಕೈಯಲ್ಲಿ ಎತ್ತಿದರು.

ಇದೇ ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರ ಸತ್ಯಾಗ್ರಹ ನಡೆದದ್ದು. ಎಚ್. ಗಣಪತಿಯಪ್ಪನವರು ರೈತರನ್ನು ಒಗ್ಗೂಡಿಸಿದರು, ಸಮಾಜವಾದಿಗಳು ಜೊತೆಯಾದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ಹೋರಾಟದ ಮೂಲದಲ್ಲಿ ಇದ್ದದ್ದು ಇಂಥದೇ ಮರದ ಕೊಳಗ. ಗೇಣಿ ಭತ್ತ ಅಳೆದುಕೊಳ್ಳುವಾಗ ಒಡೆಯರು ದೊಡ್ಡ ಕೊಳಗ ಬಳಸುತ್ತಾರೆ ಎನ್ನುವುದು ಗೇಣಿದಾರರ ಸಂಕಟ. ನಾನು ಕಾಲೇಜಿನಲ್ಲಿ ಓದಿದ್ದೆ, ಭಾಷಣಗಳಲ್ಲಿ ಕೇಳಿದ್ದೆ. ನಮ್ಮ ಅಟ್ಟದಲ್ಲೇ ಅದರ ಜೋಡಿ ಇದ್ದದ್ದು ಗೊತ್ತಿರಲಿಲ್ಲ. ಒಂದು ಕೊಡುವುದಕ್ಕೆ, ಒಂದು ತೆಗೆದುಕೊಳ್ಳುವುದಕ್ಕೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಅಕ್ಕ ಸಂಕಟದಿಂದ, "ಒಲೆಗೆ ಹಾಕಿಬಿಡೋಣ ದೊಡ್ಡಮ್ಮ" ಎಂದಳು. ದೊಡ್ಡಮ್ಮ ಅವಳಿಗೆ ಉತ್ತರ ಕೊಡದೆ ನಾಯ್ಕರ ಕಡೆ ತಿರುಗಿದರು. "ನಾಯ್ಕರೇ, ನೀವು ಹೇಳಿ."

"ಸುಡೋದು ಬ್ಯಾಡ ಅಮ್ಮ" ಎಂದರು ನಾಯ್ಕರು. "ಸುಟ್ರೆ ನಮ್ಮಪ್ಪ ಹೇಳಿದ್ದೆಲ್ಲ ಕತೆ ಆಗ್ತದೆ. ನನ್ನ ಮೊಮ್ಮಕ್ಕಳು ನಂಬದಿಲ್ಲ. ಎರಡನ್ನೂ ನಂಗೆ ಕೊಡಿ."

"ಎಲ್ಲಿ ಇಡ್ತೀರಿ?" ದೊಡ್ಡಮ್ಮ ಅವರನ್ನೂ ಕೇಳಿದರು. ದನಿಯಲ್ಲಿ ವ್ಯತ್ಯಾಸವಿರಲಿಲ್ಲ.

"ಜಗಲಿ ಮೇಲೆ. ಒಂದ್ರ ಪಕ್ಕ ಒಂದು. ಬಂದೋರಿಗೆ ಕಾಣೋ ಹಾಂಗೆ."

ಆ ಅಂಗಳದಲ್ಲಿ ಅಷ್ಟು ಸರಿಯಾದ ಉತ್ತರ ಮತ್ತೆ ಯಾರೂ ಕೊಡಲಿಲ್ಲ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ಕಾಯ್ದೆಯಲ್ಲಿ ನಾಯ್ಕರ ಅಪ್ಪ ಅರ್ಜಿ ಕೊಟ್ಟು ಆ ಗದ್ದೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡಿದ್ದರು. ನಮ್ಮ ಮನೆಯಲ್ಲಿ ಅದಕ್ಕೆ ಕಹಿ ಮಾತು ಆಡಿದವರೂ ಇದ್ದರು. ನಾವು ಅಟ್ಟದ ಸಾಮಾನೆಂದರೆ ನಮ್ಮ ಮನೆಯ ನೆನಪು ಎಂದುಕೊಂಡು ಎರಡು ದಿನದಿಂದ ಕಣ್ಣೊರೆಸಿಕೊಳ್ಳುತ್ತಿದ್ದೆವು. ಆ ನೆನಪಿನಲ್ಲಿ ಬೇರೆಯವರ ಬೆವರೂ ಪಾಲು ಹೊಂದಿತ್ತು. ಅವರನ್ನು ಕೇಳದೆ ಸುಡುವುದೂ ತಪ್ಪು, ಹೂವಿಟ್ಟು ಅಂದ ಮಾಡುವುದೂ ತಪ್ಪು. ಚಿಕ್ಕಪ್ಪನ ಮಗ ತಾನಾಗಿ ಕೊಳಗಗಳನ್ನು ಹೊತ್ತು ನಾಯ್ಕರ ಗಾಡಿಯವರೆಗೆ ಒಯ್ದು ಇಟ್ಟು ಬಂದ.

ಅವುಗಳ ಜೊತೆ ಒಂದು ಗಂಟಿನಲ್ಲಿ ಕಡತಗಳೂ ಸಿಕ್ಕವು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಲ ಪುಡಿ ಬಳಿದು ಗಟ್ಟಿಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆದ ಲೆಕ್ಕ. ಯಾರ ಗದ್ದೆ, ಎಷ್ಟು ಕೊಳಗ. ಅಕ್ಷರ ಅರ್ಧಕ್ಕರ್ಧ ಒರೆಸಿಹೋಗಿತ್ತು. ಇವನ್ನು ಯಾರ ಮನೆಯಲ್ಲಿಟ್ಟರೂ ಹಾಳಾಗುತ್ತವೆ ಎಂದು ನಾನು ಹಠ ಹಿಡಿದೆ. ಕೆಳದಿ ಸಾಗರಕ್ಕೆ ಹತ್ತಿರ. ಇತಿಹಾಸಕಾರ ಕೆಳದಿ ಗುಂಡಾ ಜೋಯಿಸರು ತಾಳೆಗರಿ, ಹಳೆಯ ದಾಖಲೆಗಳನ್ನು ಕೂಡಿಸಿ ಬೆಳೆಸಿದ ವಸ್ತುಸಂಗ್ರಹಾಲಯ ಅಲ್ಲಿದೆ. ಕಡತದ ಗಂಟು ಆ ದಾರಿ ಹಿಡಿಯಿತು. ಇದೊಂದು ವಿಷಯದಲ್ಲಿ ದೊಡ್ಡಮ್ಮ ನನ್ನ ಮಾತನ್ನು ಮರುಪ್ರಶ್ನೆಯಿಲ್ಲದೆ ಒಪ್ಪಿದರು.

ರಾತ್ರಿ ಬಚ್ಚಲೊಲೆಯ ಮುಂದೆ ಕೂತೆವು. ಕುಂಟೆ ಉರಿಯುತ್ತಿತ್ತು, ಮೇಲೆ ಹಂಡೆಯಲ್ಲಿ ನೀರು ಕಾಯುತ್ತಿತ್ತು. ಗೆದ್ದಲು ತಿಂದ ಕಾಗದಗಳನ್ನು ನಾನು ಒಂದೊಂದಾಗಿ ಒಲೆಗೆ ಹಾಕುತ್ತಿದ್ದೆ. ನನ್ನ ತಂಗಿಗೆ ಕಡೆಯುವ ಕಂಬದ ಸಿಟ್ಟು ಇನ್ನೂ ಇತ್ತು. "ನಿಂಗೆ ಇಷ್ಟು ಗಟ್ಟಿ ಮನಸ್ಸು ಹೇಗೆ ಬಂತು ದೊಡ್ಡಮ್ಮ?" ಎಂದು ಕೇಳಿಯೇ ಬಿಟ್ಟಳು.

ದೊಡ್ಡಮ್ಮನ ತವರು ಶರಾವತಿಯ ಆಚೆ ದಡದ ಕರೂರು ಹೋಬಳಿ. ಹಿರೇಭಾಸ್ಕರ ಅಣೆಕಟ್ಟು ಕಟ್ಟಿದಾಗಲೇ ಅವರ ಮನೆಯ ತಗ್ಗಿನ ಗದ್ದೆ ನೀರಿಗೆ ಹೋಗಿತ್ತಂತೆ. ಆಮೇಲೆ ಬಂದ ಲಿಂಗನಮಕ್ಕಿ ಅಣೆಕಟ್ಟು ಅದಕ್ಕಿಂತ ಎಷ್ಟೋ ದೊಡ್ಡದು. 1964ರಲ್ಲಿ ಅದು ಮುಗಿದಾಗ ಹಿರೇಭಾಸ್ಕರದ ಅಣೆಕಟ್ಟೆಯೇ ಮುಳುಗಿತು. ನೀರು ಬಹಳ ಇಳಿದ ಬೇಸಿಗೆಯಲ್ಲಿ ಆ ಹಳೆ ಕಟ್ಟೆ ಈಗಲೂ ಮೇಲೇಳುತ್ತದೆ, ಜನ ನೋಡಲು ಹೋಗುತ್ತಾರೆ. ದೊಡ್ಡಮ್ಮ ಹೋದವರಲ್ಲ. ಮುಳುಗುವ ಊರು ಬಿಡುವಾಗ ಅವರು ಲಂಗ ಉಡುವ ಹುಡುಗಿ.

"ಎರಡು ಗಾಡಿ ಸಿಕ್ಕಿತ್ತು" ಎಂದರು. "ಅಮ್ಮ ಮನೆಯಲ್ಲಿದ್ದಿದ್ದೆಲ್ಲ ಅಂಗಳಕ್ಕೆ ತಂದು ಹಾಕಿದಳು. ಅಪ್ಪ ಒಂದೊಂದನ್ನೇ ಎತ್ತಿ ಕೇಳೋದು, ಇದನ್ನ ಎಲ್ಲಿ ಇಡ್ತೀಯ? ಅಲ್ಲಿ ಮನೆಯೇ ಇಲ್ಲ, ಕಾಡು ಕಡಿದು ಗುಡಿಸಲು ಹಾಕ್ಬೇಕು. ಇದನ್ನ ಎಲ್ಲಿ ಇಡ್ತೀಯ? ಅಮ್ಮನಿಗೆ ಬೈದು ಕೇಳ್ತಿದ್ದಾನೆ ಅಂದ್ಕಂಡಿದ್ದೆ ನಾನು. ಆಮೇಲೆ ನೋಡಿದ್ರೆ ಅಪ್ಪ ಅಳ್ತಿದ್ದ. ಒರಳುಕಲ್ಲು ಹೂತಿದ್ದು, ಕೀಳೋಕೆ ಬರ್ಲಿಲ್ಲ. ಅಮ್ಮ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಬಂದಳು. ಉಪ್ಪಿನಕಾಯಿ ಭರಣಿ ಎತ್ತಿ ಅಪ್ಪ ಕೇಳಿದಾಗ ಮಾತ್ರ ಅಮ್ಮ ಬಾಯಿ ಬಿಟ್ಟಳು. ಮಡಿಲಲ್ಲಿ ಇಡ್ತೀನಿ ಅಂದಳು. ಹಾಗೇ ಕೂತು ಬಂದಳು, ದಾರಿಯುದ್ದಕ್ಕೂ."

ತಂಗಿ ಮತ್ತೇನೂ ಕೇಳಲಿಲ್ಲ. ದೊಡ್ಡಮ್ಮನೇ ಸ್ವಲ್ಪ ಹೊತ್ತಿನ ಮೇಲೆ, "ನಿಮಗೆಲ್ಲ ಮನೆ ಇದೆ. ಜಾಗ ಇದ್ದೂ ಎಲ್ಲಿಡ್ತೀವಿ ಅಂತ ಹೇಳೋಕೆ ಬರ್ದಿದ್ರೆ ಅದು ನಿಮಗೆ ಬೇಕಾದ್ದಲ್ಲ" ಎಂದರು. ಈ ಮಾತನ್ನು ನಾನು ಪೂರ್ತಿ ಒಪ್ಪಿದೆನೆಂದು ಹೇಳಲಾರೆ; ಸೀರೆಯ ಸೆರಗು ನನಗೆ ಬೇಕಾಗಿಯೇ ಇತ್ತು. ಆದರೆ ಆ ಪ್ರಶ್ನೆ ಎಲ್ಲಿಂದ ಬಂದದ್ದೆಂದು ತಿಳಿದ ಮೇಲೆ ಅದನ್ನು ಬಿರುಸು ಎನ್ನಲು ನಾಲಗೆ ಏಳಲಿಲ್ಲ. ಅವರ ಊರು ಮುಳುಗಿಸಿದ ಶರಾವತಿಯ ಕರೆಂಟಿನಲ್ಲೇ ನಾವೆಲ್ಲ ಬೆಳೆದದ್ದು, ಓದಿದ್ದು.

ಮಾರನೆಯ ಬೆಳಿಗ್ಗೆ ಹಂಡೆಯ ಸರದಿ. ವ್ಯಾಪಾರಿಯ ಕಣ್ಣು ಮೊದಲಿಂದಲೂ ಅದರ ಮೇಲೆಯೇ. ದಪ್ಪ ತಾಮ್ರ, ಒಳ್ಳೆಯ ಬೆಲೆ. ನಮ್ಮಲ್ಲೂ ಇಬ್ಬರು ಕೇಳಿದರು. ದೊಡ್ಡಮ್ಮ ಎಲ್ಲರಿಗೂ ಬೇಡ ಎಂದರು. ಕಿತ್ತರೆ ಒಲೆ ಒಡೆಯಬೇಕು. ಚೇಣಿ ಹಿಡಿದ ಮನೆಯಲ್ಲಿ ಎರಡು ಸಣ್ಣ ಮಕ್ಕಳಿವೆ, ಮಳೆಗಾಲಕ್ಕೆ ಅವಕ್ಕೆ ಬಿಸಿನೀರು ಬೇಕು. "ಅದರ ಜಾಗ ಅದಕ್ಕೆ ಗೊತ್ತಿದೆ" ಎಂದು ಹೇಳಿ ಮುಗಿಸಿದರು. ಹಂಡೆಯ ಕತೆ ಇಷ್ಟೇ.

ನಾನು ಕೇಳಿದ್ದು ಆ ಭರಣಿ. ಕಂದು ಬಣ್ಣದ ಪಿಂಗಾಣಿ, ಬಾಯಿಯ ಒಂದು ಕಡೆ ಸಣ್ಣ ಬಿರುಕು. ಅಡುಗೆಮನೆಯ ಕಿಟಕಿಯ ಕೆಳಗೆ, ಬಿಸಿಲು ಬೀಳದ ಕಟ್ಟೆಯ ಮೇಲೆ ಇಡುತ್ತೇನೆ ಎಂದೆ. ಅಷ್ಟಕ್ಕೆ ಬಿಡಲಿಲ್ಲ. ಮಿಡಿ ಎಲ್ಲಿಂದ ತರ್ತೀಯ? ಯಾರು ಹಾಕ್ತಾರೆ? ವರ್ಷ ವರ್ಷ ಹಾಕ್ತೀಯಾ? ಎಲ್ಲಕ್ಕೂ ಉತ್ತರ ಕೊಟ್ಟ ಮೇಲೆ ಹಳೆ ಪಂಚೆಯಲ್ಲಿ ಸುತ್ತಿ ಕೊಟ್ಟರು. ರೈಲಿನಲ್ಲಿ ಅದನ್ನು ಸೀಟಿನ ಕೆಳಗಿಡಲು ಮನಸ್ಸಾಗಲಿಲ್ಲ.

ಪ್ರತಿ ವರ್ಷ ಮಿಡಿಯ ಕಾಲಕ್ಕೆ ಶಿವಮೊಗ್ಗದಿಂದ ಫೋನು ಬರುತ್ತದೆ. ಈ ಸಲವೂ ಬಂತು. ಕ್ಷೇಮಸಮಾಚಾರ ಆಮೇಲೆ, ಮೊದಲು ಕೆಲಸದ ಮಾತು.

"ಮಿಡಿ ತೊಟ್ಟು ನೋಡಿ ತಗಂಡ್ಯಾ?"

"ನೋಡಿದೆ ದೊಡ್ಡಮ್ಮ. ಉದುರಿದ್ದು ಒಂದೂ ಇಲ್ಲ."

"ಉಪ್ಪು?"

"ಕಲ್ಲುಪ್ಪೇ. ಹುರಿದು ಆರಿಸಿದ್ದೀನಿ."

"ಕಮ್ಮಿ ಹಾಕಿ ಆರೋಗ್ಯ ಗೀರೋಗ್ಯ ಅನ್ಬೇಡ. ಮಿಡಿ ಚಿರುಟೋವರೆಗೆ ಮುಚ್ಚಳ ತೆಗೀಬೇಡ. ನಿನ್ನ ತಂಗಿಗೂ ಒಂದು ಸಣ್ಣ ಬಾಟಲಿ ಕೊಡು, ಅವಳಿಗೆ ಇನ್ನೂ ನನ್ನ ಮೇಲೆ ಸಿಟ್ಟಿದೆ."